ನನಗೆ ಬೆಳ್ಳಿ ಬಣ್ಣ ಹೊಡೆದ ಅಳಿಯ

ನಾನು ಒಂದು ಕಾರಿನ ಎಂಜಿನ್ ಮುಚ್ಚಳ. ಬಾನೆಟ್ ಎತ್ತಿದ ಕೂಡಲೇ, ಈಗಷ್ಟೇ ಕೆರೆಯಿಂದ ಎದ್ದುಬಂದ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಮಿರುಗುತ್ತಾ ಕಾಣಿಸುವ ಪ್ಲಾಸ್ಟಿಕ್ ಹಲಗೆ ನಾನೇ. ಕಾರು ಓಡುವುದು ಪೆಟ್ರೋಲಿನಿಂದ ಎಂದು ನೀವು ನಂಬಿದ್ದರೆ ನಿಮ್ಮ ಮುಗ್ಧತೆಗೆ ದೊಡ್ಡ ನಮಸ್ಕಾರ. ನನ್ನ ಕೆಳಗಿರುವ ಎಂಜಿನ್ ಎಂಬ ಪ್ರಾಣಿಯನ್ನು ನೀವು ಬರಿಗಣ್ಣಲ್ಲಿ ನೋಡಿಲ್ಲ. ಹೊಟ್ಟೆ ಬಗೆದಿಟ್ಟ ಹಾಗೆ ಪೈಪುಗಳು, ಸಂದುಸಂದಿನಲ್ಲಿ ಜಿಡ್ಡು, ಮೈತುಂಬ ಬೆವರು. ಛೀ! ಅದರ ಮಾನ ಮುಚ್ಚಲು ನಾನಿದ್ದೆ ಎಂದೇ ಅದು ನಾಲ್ಕು ಜನರ ನಡುವೆ ತಲೆಯೆತ್ತಿ ತಿರುಗುತ್ತಿತ್ತು.

ನಾನು ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಿ. ಪಾಯಸದಂತೆ ಕುದಿಯುವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದರು. ಅಚ್ಚು ಬಾಯಿ ಬಿಟ್ಟಾಗ ನಾನು ಹೊರಗೆ ಬಂದೆ. ನನ್ನ ರೂಪ ಕಂಡು ಇಡೀ ಪಾಳಿಯ ಕೆಲಸಗಾರರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಟ್ಟರು. ಆಗ ಕರೆಂಟು ಹೋಗಿತ್ತು, ಅದಕ್ಕೇ ನಿಂತರು ಎಂದು ಪಕ್ಕದ ರೇಡಿಯೇಟರ್ ಹೇಳುತ್ತಿತ್ತು. ಹೊಟ್ಟೆಕಿಚ್ಚಿನ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರ. ಆ ಮಹಾಶಯನಿಗೆ ಬಿಸಿ ಮಿರ್ಚಿ ಭಜಿಯೇ ಬೇಕು. ಸೈಟಿಗೆ ಹೋಗುವಾಗ ಭಜಿಯ ಪೊಟ್ಟಣವನ್ನು ಬಿಸಿ ಆರದಿರಲೆಂದು ಬಾನೆಟ್ಟಿನೊಳಗೆ, ನನ್ನ ಎದೆಯ ಮೇಲೆ ಇಟ್ಟು ಹೊರಡುತ್ತಿದ್ದ. ಪೇಪರು ನೆನೆದು ಎಣ್ಣೆ ನನ್ನ ಮೈಯಲ್ಲಿ ಕಾಲುವೆಯಾಗಿ ಹರಿಯುತ್ತಿತ್ತು. ಆ ಘಮಕ್ಕೆ ಇಡೀ ಧಾರವಾಡ ಜಿಲ್ಲೆಯ ಇಲಿಗಳು ಬಂದು ಸೇರಿದವು. ಒಂದು ಹೆಗ್ಗಣ ನನ್ನ ಮೇಲೆ ಕುಳಿತು ಮೀಸೆ ತೀಡುತ್ತಾ ಭಜಿಯ ಮೆಣಸಿನಕಾಯಿಯನ್ನು ಮಾತ್ರ ಆರಿಸಿ ಪಕ್ಕಕ್ಕಿಡುತ್ತಿತ್ತು. ಅದು ಅಲ್ಲೇ ಮಾಡುತ್ತಿದ್ದ ಉಳಿದ ಕೆಲಸಗಳನ್ನು ನಾನು ಹೇಳಲಾರೆ, ನೀವು ಉಂಡು ಕುಳಿತಿರಬಹುದು. ಕಡೆಗೆ ಅವು ವೈರು ಕಡಿದವು, ಗುತ್ತಿಗೆದಾರ ಕಾರು ಮಾರಿದ.

ಕೊಂಡವರು ಗದಗಿನ ಫಕೀರಗೌಡ ಮಾಸ್ತರರು. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಕೊರಳಲ್ಲಿ ಸೀಟಿ ಮಾತ್ರ ಹಾಗೇ ಉಳಿದಿತ್ತು. ಅವರೇ ನನ್ನನ್ನು ಮನುಷ್ಯನಂತೆ ಕಂಡವರು. ದಿನಾ ಬೆಳಿಗ್ಗೆ ಮೆತ್ತನೆಯ ಹಳೇ ಧೋತರದ ತುಂಡಿನಿಂದ ನನ್ನನ್ನು ಒರೆಸಿ, ನನ್ನಲ್ಲೇ ಮುಖ ನೋಡಿ ಮೀಸೆ ತಿರುವುತ್ತಿದ್ದರು. ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಬಾನೆಟ್ ಎತ್ತಿ, ಸೀಟಿ ಊದಿ ಓಣಿಯ ಜನರನ್ನು ಸೇರಿಸಿ, ಮೂರು ಬೆರಳಿನಿಂದ ನನ್ನ ಹಣೆಗೆ ವಿಭೂತಿ ಎಳೆಯುತ್ತಿದ್ದರು. ಜನ ಪೂಜೆಗೆ ಬರುತ್ತಿದ್ದರೋ ಮಂಡಕ್ಕಿ-ಪೇಢೆಗೆ ಬರುತ್ತಿದ್ದರೋ ಎಂದು ಕೇಳಬೇಡಿ. ನನ್ನನ್ನು ನೋಡಲು ಬರುತ್ತಿದ್ದರು.

ಹೀಗಿರುವಾಗ ಮಾಸ್ತರರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು, ಕಾರು ನಡೆಸುವುದು ಬೇಡ ಎಂದರು ಡಾಕ್ಟರು. ಪಕ್ಕದ ಓಣಿಯಲ್ಲೇ ಇದ್ದ ಅಳಿಯ ತೋಂಟೇಶನನ್ನು ಕರೆಸಿದರು. ಅವನದು ಫೋಟೋ ಸ್ಟುಡಿಯೋ. ಊರೂರಿನ ಮದುವೆಗಳಿಗೆ ಕ್ಯಾಮೆರಾ, ಲೈಟು, ಕೊಡೆ ಹೊತ್ತುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದ. ಕಾರು ಸಿಕ್ಕರೆ ಅವನ ಬದುಕೇ ಬೇರೆಯಾಗುತ್ತಿತ್ತು.

"ಅಳಿಯಂದ್ರ, ಗಾಡಿ ಒಯ್ರಿ," ಎಂದರು ಮಾಸ್ತರರು. "ಖಂಡೆಪೂಜಿ ದಿನ ಬಾನೆಟ್ ಎತ್ತಿ ನೋಡ್ತೇನಿ. ನಾ ಕೊಟ್ಟಂಗ ಇತ್ತಂದ್ರ ಕೀಲಿ ನಿಮ್ಮದು, ಕಾಯಂ. ಇಲ್ಲಾಂದ್ರ ಮರುದಿನಾನ ಮಾರಿಬಿಡ್ತೇನಿ."

"ಕೂಸಿನಂಗ ನೋಡ್ಕೋತೇನ್ರಿ ಮಾವಾರ!" ಎಂದ ತೋಂಟೇಶ.

ಈ ಮನುಷ್ಯನ ಕಥೆ ಹೇಳುವಾಗ ನನಗೆ ಈಗಲೂ ವಾಕರಿಕೆ ಬರುತ್ತದೆ. ಹಬ್ಬಕ್ಕೆ ವಾರವಿದ್ದಾಗ ಬ್ರೇಕ್ ಪೆಡಲ್ ಯಾಕೋ ಆಳಕ್ಕೆ ಹೋಗುತ್ತಿದೆ ಎಂದು ಬಾನೆಟ್ ತೆಗೆದ. ಬ್ರೇಕ್ ಎಣ್ಣೆ ತಳ ಕಂಡಿತ್ತು. ಹೊಸ ಡಬ್ಬಿ ತಂದು ತುಂಬಿಸಿದ. ಅಷ್ಟಕ್ಕೇ ಸುಮ್ಮನಿರಬಾರದೆ? ಬಾಯಿ ತೆರೆದ ಡಬ್ಬಿಯನ್ನು ನನ್ನ ಮೇಲಿಟ್ಟು ಯಾರದೋ ಮದುವೆಯ ಫೋನಿಗೆ ಕಿವಿ ಕೊಟ್ಟ. ಮೊಣಕೈ ತಾಗಿತು. ಡಬ್ಬಿ ಮಗುಚಿತು. ಆ ಎಣ್ಣೆಗೆ ಬಣ್ಣ ತಿನ್ನುವ ಚಟವಿದೆ. ಅವನು "ಹಲೋ ಹಲೋ" ಎನ್ನುತ್ತ ನಿಂತಿದ್ದಾಗಲೇ ನನ್ನ ಹೊಳಪು ಸುಲಿದು, ಬೂಸ್ಟು ಹಿಡಿದ ರೊಟ್ಟಿಯ ಹಾಗೆ ಬಿಳಿ ಬಿಳಿ ಮಚ್ಚೆ ಎದ್ದಿತು. ಮೂರು ಲೋಕ ಮೆಚ್ಚಿದ ನನ್ನ ಮೈಗೆ ತೊನ್ನು!

ತೋಂಟೇಶನ ಮುಖ ಬಿಳಚಿಕೊಂಡಿತು. ಆದರೆ ಜೀವಮಾನವಿಡೀ ಮೊಡವೆ ಮುಖಗಳನ್ನು ಫೋಟೋದಲ್ಲಿ ತಿದ್ದಿದವನು ಅವನು. ತಿದ್ದಲಾಗದ್ದು ಲೋಕದಲ್ಲಿ ಒಂದೂ ಇಲ್ಲ ಎಂಬುದು ಅವನ ನಂಬಿಕೆ. ನನ್ನನ್ನು ಹಿಡಿದು ಎಳೆದ. ಟಪ್ ಟಪ್ ಎಂದು ರಬ್ಬರಿನ ಗುಬಟುಗಳಿಂದ ಬಿಡಿಸಿ, ಕಂಕುಳಲ್ಲಿ ಇರುಕಿಕೊಂಡು ಮಾಳಿಗೆ ಹತ್ತಿದ. ಆ ಕಂಕುಳ! ಗುತ್ತಿಗೆದಾರನ ಹೆಗ್ಗಣವೇ ವಾಸಿ ಎನಿಸಿತು.

ಅಂಗಡಿಯಲ್ಲಿ ಕಪ್ಪು ಸ್ಪ್ರೇ ಮುಗಿದಿತ್ತಂತೆ. ಬೆಳ್ಳಿ ಬಣ್ಣದ ಡಬ್ಬಿ ತಂದಿದ್ದ. ನನಗೆ! ಬೆಳ್ಳಿ! ದೇವರ ಕೋಣೆಯ ಗಿಂಡಿಯೇನು ನಾನು? ಮೊದಲು ಜಿಡ್ಡು ತೆಗೆಯಬೇಕು, ಮರಳು ಕಾಗದದಿಂದ ತಿಕ್ಕಬೇಕು, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ಎಂಬ ತಳಬಣ್ಣ ಕೊಡಬೇಕು. ಇದೆಲ್ಲ ಡಬ್ಬಿಯ ಮೇಲೆಯೇ ಬರೆದಿತ್ತು. ಅವನು ಚಿತ್ರ ಮಾತ್ರ ನೋಡಿದ. ಪಾತ್ರೆ ತೊಳೆಯುವ ನೀರಲ್ಲಿ ನನ್ನನ್ನೊಮ್ಮೆ ಅದ್ದಿದ. ಅದರಲ್ಲಿ ಮಧ್ಯಾಹ್ನದ ಬದನೆಕಾಯಿ ಪಲ್ಲೆಯ ಚೂರುಗಳು ತೇಲುತ್ತಿದ್ದವು. ಆಮೇಲೆ ನನ್ನ ನಡುವಿನ ಲಾಂಛನಕ್ಕೆ ಬಣ್ಣ ತಾಗದಿರಲೆಂದು ಹೆಂಡತಿ ಹಣೆಗೆ ಅಂಟಿಸುವ ಟಿಕಳಿಯ ಹಾಳೆ ಬಿಚ್ಚಿ, ಕೆಂಪು ಟಿಕಳಿಗಳನ್ನು ಸಾಲಾಗಿ ಅಂಟಿಸಿದ.

ಹೆಂಡತಿ ನೀಲಗಂಗಾ ಮೇಲೆ ಬಂದು ಸೊಂಟಕ್ಕೆ ಕೈಯಿಟ್ಟಳು. "ಇದೇನ್ರೀ, ಇದಕ್ಕ ಸೀಮಂತ ಮಾಡಾಕತ್ತೀರೇನು?"

"ಸುಮ್ನಿರು ಮಾರಾಯ್ತಿ. ನಿಮ್ಮಪ್ಪಗ ಹೇಳಬ್ಯಾಡ."

"ನಮ್ಮಪ್ಪನ ಕಣ್ಣಿನ ಆಪರೇಷನ್ ಆಗೇತಿ. ಮದಲಿಗಿಂತ ಚೊಲೋ ಕಾಣತಾವು!"

ಅವನು ಮೂಗಿಗೆ ಕರ್ಚೀಫು ಕಟ್ಟಿ ಸ್ಪ್ರೇ ಒತ್ತಿದ. ಗದಗಿನ ಗಾಳಿ ನಿಮಗೆ ಗೊತ್ತಿರಬೇಕು, ಸುತ್ತಲಿನ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅದರಲ್ಲೂ ಮಹಾನವಮಿಯ ಮುಂಚಿನ ವಾರ. ನಮ್ಮ ಕಡೆ ಆಗ ಮನೆಯ ಕೌದಿ, ಚಾದರ, ದಿಂಬಿನ ಚೀಲಗಳನ್ನೆಲ್ಲ ಒಗೆದು ಮಾಳಿಗೆಗಳ ಮೇಲೆ ಹರವುತ್ತಾರೆ. ಅಂಥ ದಿನ, ಅಂಥ ಗಾಳಿಯಲ್ಲಿ, ಅಂಥ ಜಾಗದಲ್ಲಿ ಬಣ್ಣ ಹೊಡೆಯುವುದು ಇವನೊಬ್ಬನಿಂದಲೇ ಸಾಧ್ಯ. ಅರ್ಧ ಬಣ್ಣ ನನ್ನ ಮೇಲೆ ಬಿತ್ತು, ಉಳಿದರ್ಧ ಪಕ್ಕದ ಮನೆಯ ಈರವ್ವನ ಕೌದಿಯ ಮೇಲೆ. ಆ ಕೌದಿಯ ಹಿಂಜು, ನೂಲು, ಅಷ್ಟು ವರ್ಷದ ತಲೆಗೂದಲು ಹಾರಿ ಬಂದು ನನ್ನ ಹಸಿ ಮೈಗೆ ಅಂಟಿತು. ಹತ್ತಿರ ಹಿಡಿದು ಹೊಡೆದದ್ದಕ್ಕೆ ಬಣ್ಣ ಮೂಗಿನ ಸಿಂಬಳದಂತೆ ಇಳಿಯಿತು. ನಾನೊಂದು ಬೆಳ್ಳಿಯ ಕಂಬಳಿಹುಳುವಾದೆ.

"ಏ ತೋಂಟ್ಯಾ!" ಈರವ್ವನ ಕೂಗು ಬೆಟಗೇರಿಯವರೆಗೆ ಕೇಳಿಸಿತು. "ನಮ್ಮವ್ವ ಹೊಲಿದ ಕೌದಿಗೆ ಏನ್ ಉಗಳಿದ್ಯೋ?"

"ಹಬ್ಬಕ್ಕ ಮಿಂಚಲಿ ಬಿಡ ಎವ್ವಾ!"

"ಮಿಂಚತೈತಿ ತಡಿ, ನಿಮ್ಮ ಮಾವನ ಮುಂದ!"

ಖಂಡೆಪೂಜೆಯ ಬೆಳಿಗ್ಗೆ ನನ್ನನ್ನು ಜಾಗಕ್ಕೆ ಒತ್ತಿ ಕೂರಿಸಿ, ಕಾರನ್ನು ಮಾವನ ಮನೆ ಮುಂದೆ ತಂದು ನಿಲ್ಲಿಸಿದ. ದಾರಿಯಲ್ಲಿ ಪೆಟ್ರೋಲು ತುಂಬಿಸಿ, ಹೂವಿನ ಹಾರಕ್ಕೆಂದು ಮಾರ್ಕೆಟ್ಟೆಲ್ಲ ಸುತ್ತಿದ್ದ. ಎಂಜಿನ್ ಕಾದಿತ್ತು. ಕೆಳಗಿನ ಬಿಸಿಗೆ ಆ ಅಗ್ಗದ ಬಣ್ಣ ಮೆತ್ತಗಾಗಿ ಬೆಲ್ಲದ ಪಾಕದಂತೆ ಜಿಗುಟಾಯಿತು. ಸೀಟಿ ಕೂಗಿತು. ಓಣಿ ನೆರೆಯಿತು. ಬಾನೆಟ್ ಎದ್ದಿತು.

ಮಾಸ್ತರರು ಬಗ್ಗಿದರು.

"ಇದೇನ್ರಿ ಅಳಿಯಂದ್ರ?"

"ಅದು… ಈಗಿನ ಫ್ಯಾಶನ್ ರೀ ಮಾವಾರ. ಹೊಸ ಗಾಡಿಗೋಳಿಗೆ ಹಿಂಗ ಬರತಾವ್ರಿ."

"ಕೂದಲಾ ಸೈತ ಬರತಾವೇನು?"

ಜನ ನಕ್ಕರು. ಮಾಸ್ತರರು ನಗಲಿಲ್ಲ. ವಿಭೂತಿಯಲ್ಲಿ ಮೂರು ಬೆರಳು ಅದ್ದಿ ನನ್ನ ಹಣೆಗೆ ಎಳೆದರು. ಎಳೆದಲ್ಲೆಲ್ಲ ಬೆಳ್ಳಿ ಸಿಪ್ಪೆಯಾಗಿ ಎದ್ದು ಬೆರಳಿಗೆ ಮೆತ್ತಿಕೊಂಡಿತು. ಹಣೆಯ ಮೇಲೆ ಮೂಡಿದ್ದು ವಿಭೂತಿಯಲ್ಲ, ಮೂರು ಕರಿ ಗೆರೆ, ಅದರೊಳಗೆ ಬಿಳಿ ತೊನ್ನು. ಅವರು ಬೆಳ್ಳಿ ಬೆರಳುಗಳನ್ನು ಎತ್ತಿ ಅಳಿಯನ ಮುಖದ ಮುಂದೆ ಹಿಡಿದರು. ಅಷ್ಟರಲ್ಲಿ ಈರವ್ವ ಜನರನ್ನು ಸರಿಸಿಕೊಂಡು ಬಂದು, ಚುಕ್ಕೆ ಚುಕ್ಕೆ ಕೌದಿಯನ್ನು ಬಾನೆಟ್ಟಿನ ಪಕ್ಕ ಹರವಿದಳು. "ಇದೂ ಫ್ಯಾಶನ್ ಅಂತ ಕೇಳ್ರಿ ಮಾಸ್ತರ!"

ನೀಲಗಂಗಾ ಗಂಡನ ಕಡೆ ನೋಡಿದಳು. ಕಾರು ಹೋಯಿತು ಎಂದು ಅವಳ ಮುಖವೇ ಹೇಳುತ್ತಿತ್ತು.

ತೋಂಟೇಶ ತಲೆ ತಗ್ಗಿಸಿದ. "ಎಣ್ಣಿ ಚೆಲ್ಲಿದೆ ಮಾವಾರ. ಬ್ರೇಕಿನ ಎಣ್ಣಿ. ಬಣ್ಣ ಹಾರಿತು. ಮುಚ್ಚಿಡಾಕ ಹೋಗಿ ಇಷ್ಟೆಲ್ಲಾ ಮಾಡಿದೆ."

"ಬ್ರೇಕಿಗೆ ಎಣ್ಣಿ ಯಾಕ ಹಾಕಿದ್ರಿ?"

"ಖಾಲಿ ಆಗಿತ್ರಿ. ತಳದಾಗ ಸೊಲ್ಪ ಇತ್ತು. ಇನ್ನೆರಡ ದಿನ ಬಿಟ್ಟಿದ್ರ ಬ್ರೇಕ ಹಿಡೀತಿರ್ಲಿಲ್ಲ."

ಮಾಸ್ತರರು ಬಾನೆಟ್ಟಿನ ಅಂಚು ಹಿಡಿದು ನಿಂತರು. "ನೀಲಾನ್ನ ಕೂಡಿಸಿಕೊಂಡ ಈ ಗಾಡಿ ಎಷ್ಟ ಸಲ ಹೊಡದೇನಿ," ಎಂದರು ಮೆಲ್ಲಗೆ. "ದಿನಾ ಈ ಮುಚ್ಚಳಾ ಒರಸ್ತಿದ್ದೆ. ಇದರ ಬಾಜೂಕ ಇರೋ ಬ್ರೇಕಿನ ಎಣ್ಣಿ ಒಂದ ಸಲಾನೂ ನೋಡಲಿಲ್ಲ."

ಜೇಬಿನಿಂದ ಎರಡನೇ ಕೀಲಿಯನ್ನೂ ತೆಗೆದು ಅಳಿಯನ ಕೈಗಿಟ್ಟರು. "ಗಾಡಿ ನಿಮ್ಮದು. ಈರವ್ವಗ ಒಂದ ಹೊಸಾ ಕೌದಿ ಹೊಲಿಸಿಕೊಡ್ರಿ." ಆಮೇಲೆ ನನ್ನನ್ನು ಕಿತ್ತು ತೆಗೆದು, ಜಿಗುಟು ತಾಗದಂತೆ ಎರಡೇ ಬೆರಳಿನಿಂದ ಹಿಡಿದು, ಹಿತ್ತಲಿಗೆ ಕೊಂಡೊಯ್ದರು. ಒಂದು ಕಾಲದಲ್ಲಿ ನನ್ನಲ್ಲಿ ಮುಖ ನೋಡಿಕೊಂಡವರು! ಹೇಸಿಗೆ ತುಳಿದವರ ಹಾಗೆ ಮುಖ ಕಿವುಚಿದ್ದರು.

ಗೋಡೆಗೆ ಒರಗಿ ಕುಳಿತು ನಾನು ಕಾದೆ. ನಾನಿಲ್ಲದೆ ಆ ಎಂಜಿನ್ ನಾಚಿಕೆಯಿಂದ ಸತ್ತೇ ಹೋಗುತ್ತದೆ, ಅತ್ತುಕೊಂಡು ನನ್ನನ್ನು ಕರೆಯಲು ಬರುತ್ತಾರೆ ಎಂದುಕೊಂಡೆ. ತೋಂಟೇಶ ಕೀಲಿ ತಿರುವಿದ. ಕಾರು ಒಂದೇ ಏಟಿಗೆ ಹೊರಟಿತು. ಮೈ ಬಿಚ್ಚಿಕೊಂಡು, ಮಾನ ಮರ್ಯಾದೆ ಒಂದೂ ಇಲ್ಲದೆ, ಹಾಡಿಕೊಂಡು ಹೋಯಿತು. ಥೂ!

ಈಗ ನನ್ನ ಬೆಳ್ಳಿ ಹಾವಿನ ಪೊರೆಯಂತೆ ಉದುರುತ್ತಿದೆ. ಪಕ್ಕದಲ್ಲಿ ಸಗಣಿ ಬುಟ್ಟಿ, ಎದುರಿಗೆ ಬಚ್ಚಲ ನೀರು. ಸಾಲದ್ದಕ್ಕೆ ಮೊನ್ನೆ ಒಂದು ಮೋಟು ಬಾಲದ ಬೆಕ್ಕು ನನ್ನ ಮತ್ತು ಗೋಡೆಯ ಸಂದಿಗೆ ನುಗ್ಗಿ ನಾಲ್ಕು ಮರಿ ಹಾಕಿತು. ಆ ಕೊಳಕು, ಆ ವಾಸನೆ, ಬಾಯಿಬಿಟ್ಟು ಹೇಳಬಾರದು. ಓಡಿಸೋಣವೆಂದರೆ ನನಗೆ ಕಾಲಿಲ್ಲ. ಮೊದಲ ರಾತ್ರಿ ಮೂಗು ಮುಚ್ಚಿಕೊಂಡೇ ಕಳೆದೆ. ಬೆಳಗಿನ ಚಳಿಗೆ ಮರಿಗಳು ಒಂದಕ್ಕೊಂದು ಅಂಟಿ, ನನ್ನ ಕೆಳಗೆ ಬಿಸಿಯಾಗಿ, ಗುರ್ರ್ ಎಂದು ಒಂದೇ ಶ್ರುತಿಯಲ್ಲಿ ಶುರು ಮಾಡಿದವು. ನಾನು ಸ್ವಲ್ಪ ಬಾಗಿ ಗಾಳಿಯನ್ನು ಅಡ್ಡಗಟ್ಟಿದೆ. ನಾನೇ ಬಾಗಿದೆ, ಬೆಕ್ಕು ತಳ್ಳಿದ್ದಲ್ಲ.

ನಾಲ್ಕು ಸಿಲಿಂಡರಿನ ಎಂಜಿನ್. ಸದ್ದು ಚೆನ್ನಾಗಿದೆ.