ದೋಣಿಯ ಪ್ರಸಂಗ

ಅಯ್ಯನವರು ಬಾಯಿ ಬಿಟ್ಟರೆ ಅರಳು ಹುರಿದಂತೆ ಮಾತು. ಸಮುದ್ರದಾಚೆಯ ಮಿಷನ್ ಠಾಣೆಯಲ್ಲಿ ಪಾದ್ರಿಯಾಗಿದ್ದ ಅವರು ಅಲ್ಲಿಯವರ ಭಾಷೆಯಲ್ಲೇ ಪ್ರಸಂಗ ಮಾಡುತ್ತಿದ್ದರು, ಅದರಲ್ಲೇ ಗಂಡ ಹೆಂಡಿರ ಜಗಳ ಬಿಡಿಸುತ್ತಿದ್ದರು, ಅದರಲ್ಲೇ ಮೀನಿನವಳ ಹತ್ತಿರ ಚೌಕಾಸಿ ಮಾಡಿ ಬೈಸಿಕೊಂಡೂ ಬರುತ್ತಿದ್ದರು. ಅಂಥವರ ಬಾಯಿಗೇ ಬೀಗ ಬಿತ್ತು ನೋಡಿ. ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ಕುಸಿದು ಬಿದ್ದರು. ಎಬ್ಬಿಸಿ ಕೂರಿಸಿದಾಗ ಬಲಗೈ ಜೋಲುತ್ತಿತ್ತು, ಬಾಯಲ್ಲಿ ಒಂದಕ್ಷರ ಇಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮಿಷನ್ನಿನವರು ಹೆಂಡತಿ ಮಗಳ ಸಮೇತ ಅವರನ್ನು ಸ್ವಂತ ಊರಿಗೆ ಕರೆಸಿಕೊಂಡರು.

ಹೆಂಡತಿ ಅದೇ ಠಾಣೆಯ ದವಾಖಾನೆ ನಡೆಸುತ್ತಿದ್ದವಳು. ಎಲ್ಲರ ಬಾಯಲ್ಲೂ ನರ್ಸಮ್ಮ. ಮಗಳು ಹನ್ನೆರಡರ ಹುಡುಗಿ, ಕರೆಯುವುದು ಗುಬ್ಬಿ ಎಂದು. ಮೂವರೂ ಅಯ್ಯನವರ ಅಕ್ಕನ ಮನೆಯ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಇಳಿದುಕೊಂಡರು. ನರ್ಸಮ್ಮ ಬೆಳಿಗ್ಗೆ ಸಂಜೆ ಗಂಡನ ಕೈ ನೀವಿದಳು, ಗೋಡೆ ಹಿಡಿಸಿ ನಡೆಸಿದಳು, ಅನ್ನ ಕಲಸಿ ತಿನ್ನಿಸಿದಳು. ವರ್ಷ ತುಂಬುವಷ್ಟರಲ್ಲಿ ಕಾಲು ಸರಿಹೋಯಿತು, ಕೈಯೂ ಮುಕ್ಕಾಲು ಪಾಲು ಬಂತು. ಮಾತು ಮಾತ್ರ ಬರಲಿಲ್ಲ, ಬರವಣಿಗೆಯೂ ಅಷ್ಟೆ. ಬೇರೆಯವರು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಮಗೆ ಏನು ಬೇಕೋ ಅದೂ ತಿಳಿಯುತ್ತಿತ್ತು. ನೀರು ಎನ್ನಲು ಹೋದರೆ ತುಟಿ ನಡುಗಿ, ಕಣ್ಣು ತುಂಬಿ, ಕೊನೆಗೆ ಬೆರಳು ತೋರಿಸುತ್ತಿದ್ದರು. ಬಾಯಿಂದ ಸಲೀಸಾಗಿ ಬರುತ್ತಿದ್ದುದು ಒಂದೇ ಮಾತು, ‘ಸ್ತೋತ್ರ’.

ಆ ಒಂದು ಮಾತು ಊರಿನ ಇಡೀ ಚರ್ಚ್ ಸಭೆಯ ಕಣ್ಣಿಗೆ ಮಣ್ಣೆರಚಿತು. ನೋಡಲು ಬಂದವರು ಹೇಗಿದ್ದೀರಿ ಎಂದರೆ ಸ್ತೋತ್ರ. ಕಾಫಿಯೋ ಟೀಯೋ ಎಂದರೆ ಸ್ತೋತ್ರ. ಬೇರೆ ಯಾರಾದರೂ ಹೀಗೆ ಉತ್ತರಿಸಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು, ಹೀಗೆಂದದ್ದು ಪಾದ್ರಿಯಾದ್ದರಿಂದ ಭಕ್ತಿ ಹೆಚ್ಚಾಗಿದೆ ಎಂದು ಕಣ್ಣೊರೆಸಿಕೊಂಡು ಹೋದರು.

“ಅಪ್ಪಂಗೆ ಎರಡೂ ಬೇಡ, ಮಜ್ಜಿಗೆ ಬೇಕು,” ಎಂದು ಗುಬ್ಬಿ ಗೊಣಗಿದರೆ ಅತ್ತೆ ಅವಳ ಬೆನ್ನಿಗೊಂದು ಗುದ್ದುತ್ತಿದ್ದಳು.

ಇನ್ನು ನರ್ಸಮ್ಮ ಮಾಡಿದ ಎಡವಟ್ಟು ಕೇಳಿ. ಪಾಪ, ಪ್ರೀತಿಯಿಂದ ಮಾಡಿದ್ದು, ಅದಕ್ಕೇ ಹೇಳಲು ಸಂಕಟ. ಒಂದು ಮಧ್ಯಾಹ್ನ ಗಂಡನ ಗಡ್ಡ ಹೆರೆಯುತ್ತ ಹಳೆಯದೊಂದು ಕೀರ್ತನೆ ಗುನುಗಿದಳು. ಅಯ್ಯನವರು ನೊರೆ ಮೆತ್ತಿದ ಮುಖದಲ್ಲೇ ಅದನ್ನು ಕೊನೆಯ ಸಾಲಿನವರೆಗೂ ಹಾಡಿಬಿಟ್ಟರು! ಅವಳ ಕೈಯಲ್ಲಿದ್ದ ಬ್ಲೇಡು ಕೆಳಗೆ ಬಿತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆಯನ್ನು ಕೇಳಿದ್ದಕ್ಕೆ, “ಬಾಯಿಪಾಠ ಆಗಿದ್ದು ತಾನಾಗೇ ಬರುತ್ತಮ್ಮ, ಹಾಡು, ಪ್ರಾರ್ಥನೆ, ಮಗ್ಗಿ, ಎಲ್ಲ. ಅದನ್ನ ಮಾತು ಅಂದ್ಕೋಬೇಡಿ, ಮೋಸ ಹೋಗ್ತೀರಿ,” ಎಂದಳು.

ಹಾಡು ಬಂದರೆ ಪ್ರಸಂಗವೂ ಬರಬಹುದಲ್ಲ ಎಂದು ನರ್ಸಮ್ಮನಿಗೆ ಆಸೆ ಹುಟ್ಟಿತು. ಅಯ್ಯನವರದು ದೋಣಿಯ ಪ್ರಸಂಗ ಅಂತ ಒಂದಿತ್ತು. ರಜೆಗೆ ಬಂದಾಗಲೆಲ್ಲ ಊರೂರಿನ ಸಭೆಗಳಲ್ಲಿ ಮಾಡಿ ಮಾಡಿ ಅದು ನಾಲಿಗೆಗೇ ಅಂಟಿಕೊಂಡಿತ್ತು. ಮೊದಲ ಸಾಲನ್ನು ಅವಳು ಎತ್ತಿಕೊಟ್ಟಳು. ಉಳಿದದ್ದನ್ನು ಅವರು ಎಡವದೆ ಮುಗಿಸಿದರು. ನಗಿಸಬೇಕಾದಲ್ಲಿ ನಿಂತರು, ಗದ್ಗದರಾಗಬೇಕಾದಲ್ಲಿ ಗದ್ಗದರಾದರು. ಮುಗಿದ ಮೇಲೆ ಚಮಚ ಬೇಕೆನ್ನಲು ಮತ್ತೆ ಬೆರಳು ತೋರಿಸಿದರು.

ಎಲ್ಲರೂ ಅಯ್ಯೋ ಪಾಪ ಎನ್ನುವುದನ್ನು ಕೇಳಿ ಕೇಳಿ ಗಂಡ ಕುಗ್ಗಿಹೋಗಿದ್ದಾರೆ, ಒಂದೇ ಒಂದು ಸಲ ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲಲಿ ಎಂದುಕೊಂಡಳು ಅವಳು. ಅಷ್ಟೇ ಅವಳ ಆಸೆ. ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಸಭೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಂತು ಮೊದಲ ಸಾಲನ್ನು ಕಿವಿಯಲ್ಲಿ ಉಸುರಿದಳು.

“ಪ್ರಿಯರೇ, ನಾನು ಮೊದಲ ಸಲ ದೋಣಿ ಹತ್ತಿದಾಗ ದೋಣಿಯವನು ಕೇಳಿದ, ಅಯ್ಯನವರೇ, ಈಜು ಬರುತ್ತಾ? ಇಲ್ಲಪ್ಪ ಅಂದೆ. ಪ್ರಾರ್ಥನೆ ಮಾಡೋಕೆ ಬರುತ್ತಾ? ಓಹೋ, ಧಾರಾಳವಾಗಿ ಬರುತ್ತೆ ಅಂದೆ. ಹಾಗಾದ್ರೆ ಶುರು ಮಾಡಿ, ದೋಣಿಗೆ ತೂತು ಬಿದ್ದಿದೆ ಅಂದ!”

ಸಭೆ ನಕ್ಕಿತು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಿತು. ವರ್ಷವಿಡೀ ಸರದಿಯ ಮೇಲೆ ಉಪವಾಸವಿದ್ದು ಪ್ರಾರ್ಥಿಸಿದ ಜನ ಅವರು. ಮಿಷನ್ ಸಮಿತಿಯ ಅಧ್ಯಕ್ಷರು ಎದ್ದು ಬಂದು ಅಯ್ಯನವರನ್ನು ತಬ್ಬಿಕೊಂಡು, “ದೇವರು ನಮ್ಮ ಮೊರೆ ಕೇಳಿದ! ಮೂಗನ ನಾಲಿಗೆ ಬಿಚ್ಚಿದ!” ಎಂದು ಕೂಗಿ ಹೇಳಿದರು. ಅಯ್ಯನವರು ಸ್ತೋತ್ರ ಎಂದರು. ಮುಗಿಯಿತಲ್ಲ ಕಥೆ!

ಮರುವಾರವೇ ಸಮಿತಿಯಿಂದ ಕರೆ ಬಂತು. ಠಾಣೆಗೆ ವರ್ಷದಿಂದ ಪಾದ್ರಿಯಿಲ್ಲ, ಹೋಗಲು ಬೇರೆ ಯಾರೂ ಒಪ್ಪುತ್ತಿಲ್ಲ, ಅಯ್ಯನವರು ಗುಣವಾಗಿದ್ದಾರೆ, ಹೊರಡಲಿ ಎಂದು ತೀರ್ಮಾನವಾಗಿತ್ತು. ಸುದ್ದಿ ಕೇಳಿದ ಅಯ್ಯನವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟರು.

“ರೀ, ನಿಮಗೆ ಹೋಗೋಕೆ ಇಷ್ಟ ಇದೆಯಾ?” ಎಂದಳು ನರ್ಸಮ್ಮ.

ಅವರು ಅಡ್ಡಡ್ಡ ತಲೆಯಾಡಿಸಿದರು. ಒಂದು ಸಲವಲ್ಲ, ಮತ್ತೆ ಮತ್ತೆ. ತಮ್ಮ ಬಾಯಿ ಮುಟ್ಟಿಕೊಂಡು ಬರಿಗೈ ತೋರಿಸಿದರು. ಅವಳು ಅವರ ತಲೆಯನ್ನು ಎದೆಗೊರಗಿಸಿಕೊಂಡು, “ನಾನು ಹೇಳ್ತೀನಿ ಬಿಡಿ, ಎಲ್ಲ ಬಿಡಿಸಿ ಹೇಳ್ತೀನಿ,” ಎಂದಳು.

ಹೇಳಿದಳು ಕೂಡ. ಸಮಿತಿಯ ಕೋಣೆಯಲ್ಲಿ ಉದ್ದದ ಮೇಜು, ಕಿರುಗುಟ್ಟುವ ಫ್ಯಾನು, ಠಾಣೆಗಳಿಗೆಲ್ಲ ಬಣ್ಣದ ಪಿನ್ನು ಚುಚ್ಚಿದ ಭೂಪಟ. ಅಯ್ಯನವರ ಅಕ್ಕನೂ ಸಮಿತಿಯಲ್ಲಿದ್ದಳು. ಗುಬ್ಬಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನರ್ಸಮ್ಮ ಒಳಗೆ ನಿಂತೇ ಮಾತಾಡಿದಳು. ಪ್ರಸಂಗ ಬಾಯಿಪಾಠ ಎಂದಳು, ಅದು ತಾನೇ ಹೇಳಿಕೊಟ್ಟದ್ದು ಎಂದಳು, ಇವರಿಗೆ ಬಾಯಾರಿದರೂ ಕೇಳಲು ಬರುವುದಿಲ್ಲ ಎಂದಳು.

“ನೀವು ದಣಿದಿದ್ದೀರಿ ನರ್ಸಮ್ಮ,” ಎಂದರು ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ, ಕಣ್ಣಲ್ಲಿ ನೀರೂ ಇತ್ತು. “ಪವಾಡವನ್ನ ಕಣ್ಣಾರೆ ಕಂಡಮೇಲೂ ಅನುಮಾನ ಬರುತ್ತೆ. ಸಹಜ ಅದು.”

“ಅನುಮಾನ ಅಲ್ಲ ಸಾರ್, ಹೊತ್ತು ಹೊತ್ತಿಗೂ ನೋಡ್ತಿರೋದು ನಾನು.”

“ನನ್ನ ತಮ್ಮನ ನಾಲಿಗೆ ಮೇಲೆ ಕಲ್ಲು ಹಾಕಬೇಡ ಕಣೇ,” ಎಂದಳು ಅಕ್ಕ. “ಅವನು ಹುಷಾರಾಗೋದು ನಿಂಗೆ ಬೇಡವಾಯ್ತಾ? ಇಲ್ಲಿ ಆರಾಮಾಗಿದೆ, ಅಲ್ವಾ?”

“ಅತ್ತಿಗೆ, ಅವರು ಮಜ್ಜಿಗೆ ಕೇಳಿದ್ದನ್ನ ನೀವು ಯಾವತ್ತಾದ್ರೂ ಕೇಳಿದ್ದೀರಾ?”

ಅಕ್ಕ ಮೂತಿ ತಿರುಗಿಸಿದಳು. ಅಧ್ಯಕ್ಷರು ಅಯ್ಯನವರ ಕಡೆ ವಾಲಿ, “ನೀವೇ ಹೇಳಿಬಿಡಿ. ಹೋಗೋದು ಬೇಡ ಅಂದ್ರೆ ಬೇಡ ಅನ್ನಿ. ನಾವ್ಯಾರೂ ಬಲವಂತ ಮಾಡಲ್ಲ,” ಎಂದರು.

ತಲೆಯಾಡಿಸಿದರೆ ಸಾಲದು, ಬಾಯಿಂದಲೇ ಹೇಳಬೇಕೆಂದು ಅಯ್ಯನವರು ಎದ್ದು ನಿಂತರು. ಕತ್ತಿನ ನರ ಉಬ್ಬಿತು. “ಬೇ… ಬೇ…” ಎಂದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು. ಇನ್ನೊಂದೇ ಅಕ್ಷರ, ದೇವರೇ, ಇನ್ನೊಂದೇ ಒಂದು ಅಕ್ಷರ ಎಂದು ನರ್ಸಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು. ಅಷ್ಟು ಜನ ತಮ್ಮತ್ತ ನೋಡುತ್ತಿದ್ದುದಕ್ಕೋ ಏನೋ, ನಾಲಿಗೆ ಗೊತ್ತಿದ್ದ ದಾರಿ ಹಿಡಿಯಿತು.

“ಪ್ರಿಯರೇ, ನಾನು ಮೊದಲ ಸಲ ದೋಣಿ ಹತ್ತಿದಾಗ…”

“ಆಮೆನ್!” ಎಂದರು ಅಧ್ಯಕ್ಷರು. “ನೋಡಿದ್ರಾ? ದೋಣಿ ಹತ್ತೋಕೆ ತುದಿಗಾಲಲ್ಲಿ ನಿಂತಿದಾರೆ!” ಇಡೀ ಮೇಜು ಆಮೆನ್ ಎಂದಿತು. ಪ್ರಸಂಗ ನಡೆದೇ ಇತ್ತು. ಅದು ಒಮ್ಮೆ ಶುರುವಾದರೆ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ. ಹೇಳುವಷ್ಟು ಹೊತ್ತೂ ಅಯ್ಯನವರ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಾಕಿಕೊಂಡರು.

“ನಿಮಗೆ ಮನಸ್ಸಿಲ್ಲದಿದ್ದರೆ ನೀವು ಮಗಳ ಜೊತೆ ಇಲ್ಲೇ ಇರಿ,” ಎಂದರು ಅಧ್ಯಕ್ಷರು ಮೆತ್ತಗೆ. “ಅಯ್ಯನವರು ಮುಂದೆ ಹೋಗಿರಲಿ.”

ಒಬ್ಬರನ್ನೇ! ನೀರು ಕೇಳಲಾಗದ ಮನುಷ್ಯನನ್ನು ಒಬ್ಬನೇ ಸಮುದ್ರ ದಾಟಿಸುತ್ತಾರಂತೆ. ನರ್ಸಮ್ಮನಿಗೆ ಆ ಮೇಜನ್ನೇ ಎತ್ತಿ ಬಿಸಾಕುವಷ್ಟು ಸಿಟ್ಟು ಬಂತು. ಬಂದು ಏನು ಮಾಡುವುದು? ಮನೆಗೆ ಬಂದು ಪೆಟ್ಟಿಗೆಗೆ ಬಟ್ಟೆ ತುಂಬಿದಳು.

ಠಾಣೆಯಲ್ಲಿ ಅವರನ್ನು ಇದಿರುಗೊಳ್ಳಲು ಜನವೋ ಜನ. ಮುದುಕ ಬಡಗಿಯೊಬ್ಬ ಅಲ್ಲಿಯ ಸಭೆಗೆ ಹಿರಿಯ; ಪಾದ್ರಿಯಿಲ್ಲದ ವರ್ಷವೆಲ್ಲ ಚರ್ಚಿನ ಬಾಗಿಲು ತೆರೆದು, ಬೆಂಚು ಒರೆಸಿ, ಜನರನ್ನು ಚದುರದಂತೆ ಹಿಡಿದಿಟ್ಟುಕೊಂಡವನು. ಅವನು ಅಯ್ಯನವರ ಕೈಹಿಡಿದು ನೇರವಾಗಿ ವೇದಿಕೆಗೇ ಕರೆದೊಯ್ದ. ಬೆಂಚುಗಳು ತುಂಬಿದ್ದವು, ಕಿಟಕಿಯಲ್ಲೂ ಮುಖಗಳು. ಎಲ್ಲರೂ ತಮ್ಮ ಭಾಷೆಯ ಆ ಹಳೆಯ ಮಾತುಗಾರನಿಗಾಗಿ ಕಾದರು. ನರ್ಸಮ್ಮ ತಡೆಯುವಷ್ಟರಲ್ಲಿ ಅಯ್ಯನವರ ಬಾಯಿ ತೆರೆದುಕೊಂಡಿತು.

“ಪ್ರಿಯರೇ, ನಾನು ಮೊದಲ ಸಲ ದೋಣಿ ಹತ್ತಿದಾಗ…”

ಮನೆಮಾತಿನಲ್ಲಿ! ಅಲ್ಲಿ ಒಬ್ಬರಿಗೂ ತಿಳಿಯದ ಮಾತಿನಲ್ಲಿ. ಜನ ಮುಖ ಮುಖ ನೋಡಿಕೊಂಡರು, ಆಮೇಲೆ ನರ್ಸಮ್ಮನ ಕಡೆ ತಿರುಗಿದರು. ಅವಳು ಗಂಡನ ಪಕ್ಕಕ್ಕೆ ಹೋಗಿ ನಿಂತು, ಅಲ್ಲಿಯವರ ಭಾಷೆಯಲ್ಲಿ ಮೊದಲ ಸಾಲನ್ನು ಇದ್ದಂತೆಯೇ ಹೇಳಿದಳು. ಭಾಷೆ ಕಲಿಯುವ ಮೊದಲು ಅನುವಾದಕ್ಕೆಂದು ಬಿಡುವು ಕೊಡುತ್ತಿದ್ದ ಹಳೆಯ ಅಭ್ಯಾಸದಂತೆ ಅಯ್ಯನವರು ನಿಂತು, ಮುಂದಿನ ಸಾಲು ಹೇಳಿದರು. ಅವಳಿಗೆ ಇನ್ನು ಸಾಧ್ಯವಿಲ್ಲ ಎನ್ನಿಸಿತು.

“ಇವರು ಹೇಳ್ತಿರೋದು ನಿಮಗಲ್ಲ,” ಎಂದಳು ಆ ಭಾಷೆಯಲ್ಲೇ. “ಇವರಿಗೆ ವಾಸಿಯಾಗಿಲ್ಲ. ಮಾತು ಹೊರಟುಹೋಗಿದೆ. ಇದೊಂದು ಮಾತ್ರ ಉಳಿದಿದೆ.”

ಅಯ್ಯನವರಿಗೆ ಆ ಭಾಷೆ ತಿಳಿಯುತ್ತಿತ್ತಲ್ಲ! ಅವರು ಹೆಂಡತಿಯನ್ನು ನೋಡಿದರು. ಸಿಟ್ಟಾಗುತ್ತಾರೇನೋ, ಕುಸಿಯುತ್ತಾರೇನೋ ಎಂದು ಅವಳು ಅವರ ಮುಖವನ್ನೇ ನೋಡಿದಳು. ಅವರು ಹೌದೆಂದು ತಲೆಯಾಡಿಸಿ ಇನ್ನೊಂದು ಸಾಲು ದೋಣಿಯ ಬಗ್ಗೆ ಹೇಳಿ, ಮತ್ತೆ ಅವಳಿಗಾಗಿ ನಿಂತರು. ಹಾಗೆ ಅವರು ಸಾಲು ಎತ್ತಿಕೊಟ್ಟ ಹಾಗೆಲ್ಲ ಅವಳು ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ದೋಣಿಗೆ ತೂತು ಬಿದ್ದಿದೆ ಎಂಬಲ್ಲಿ ಅವರು ನಗುವಿಗಾಗಿ ಕಾದರು, ಒಬ್ಬರೂ ನಗಲಿಲ್ಲ.

ಬಡಗಿ ಎದ್ದು ಬಂದು ಅಯ್ಯನವರ ಹಿಂದೆ ಸ್ಟೂಲು ಇಟ್ಟು, ಭುಜ ಹಿಡಿದು ಕೂರಿಸಿದ.

“ನಿಮ್ಮ ಜನಕ್ಕೆ ಇದನ್ನ ಹೇಳಲಿಲ್ವಾ ತಾಯಿ?” ಎಂದು ಕೇಳಿದ.

“ಹೇಳಿದೆ,” ಎಂದಳು ನರ್ಸಮ್ಮ. “ಆಮೆನ್ ಅಂದ್ರು.”

ಕೂತ ಮೇಲೂ ಪ್ರಸಂಗ ನಿಲ್ಲಲಿಲ್ಲ. ಅರ್ಥವಾಗದಿದ್ದರೂ ಜನ ಎದ್ದು ಹೋಗದೆ ಕೊನೆಯವರೆಗೂ ಕೂತು ಕೇಳಿದರು. ಗುಬ್ಬಿ ಮುಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಯ್ಯನವರು ಆಮೆನ್ ಎಂದಾಗ ಯಾರೂ ತಿರುಗಿ ಆಮೆನ್ ಎನ್ನಲಿಲ್ಲ. ಅವರು ಹೆಂಡತಿಯ ಕೈಗಾಗಿ ತಡಕಾಡಿದರು, ತುಟಿ ಅದುರಿತು, ಕತ್ತಿನ ನರ ಉಬ್ಬಿತು.

“ಸಾಕು,” ಎಂದರು.

ಸ್ಪಷ್ಟವಾಗಿಯೇ ಬಂತು. ಆ ಮಾತನ್ನು ಕೇಳಬೇಕಾಗಿದ್ದವರೆಲ್ಲ ಸಮುದ್ರದ ಇನ್ನೊಂದು ದಡದಲ್ಲಿದ್ದರು.