ಕತ್ತಲೆಯನ್ನೂ ತೋರಿಸುವ ಪರದೆ

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಪೇಟೆಯ ಕಡೆ ಹೋಗುವ ರಸ್ತೆಯಲ್ಲಿ, ಒಂದು ಔಷಧ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕನಕರಾಜನ ಫೋಟೋ ಸ್ಟುಡಿಯೋ ಇದೆ. ಬೋರ್ಡಿನ ಮೇಲೆ ಅವನ ಹೆಸರಷ್ಟೇ ಇದ್ದರೂ ಮದುವೆ, ಸೀಮಂತದ ವಿಡಿಯೋ ಮಾಡಿಸಿದವರಿಗೆಲ್ಲ ನಿಜ ಗೊತ್ತು. ಕ್ಯಾಮೆರಾ ಹಿಡಿಯುವವನು ಕನಕರಾಜ. ಹಿಡಿದದ್ದನ್ನು ನೋಡುವ ಹಾಗೆ ಮಾಡುವವಳು ಅವನ ಹೆಂಡತಿ ಸುವರ್ಣಾ.

ಸುವರ್ಣಾ ಅಸೂಟಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಪಕ್ಕ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಳು. ಆಮೇಲೆ ಕಂಪ್ಯೂಟರಿನಲ್ಲಿ ಮುಖದ ಕಲೆ ತೆಗೆಯುವುದನ್ನು ಕಲಿತಳು. ಅಲ್ಲಿಂದ ವಿಡಿಯೋ ಜೋಡಿಸುವುದಕ್ಕೆ, ಅಲ್ಲಿಂದ ಬಣ್ಣ ತಿದ್ದುವುದಕ್ಕೆ ಬಂದಳು. ಮೊಬೈಲಿನಲ್ಲಿ ಪಾಠ ನೋಡುತ್ತ, ತಿಳಿಯದ ಇಂಗ್ಲಿಷ್ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತ, ರೊಟ್ಟಿ ಬಡಿಯುವುದರ ನಡುವೆ ಕಲಿತದ್ದು ಅದೆಲ್ಲ. ಮದುಮಗಳ ಸೀರೆ ವಿಡಿಯೋದಲ್ಲಿ ಬೇರೆ ಬಣ್ಣವಾಗಿ ಕಂಡರೆ ಅವಳಿಗೆ ಸಮಾಧಾನ ಇರುತ್ತಿರಲಿಲ್ಲ. ಅವರ ಮನೆಗೆ ಫೋನ್ ಮಾಡಿ, ಆ ಸೀರೆ ಒಮ್ಮೆ ತಂದು ತೋರಿಸಿರಿ ಎಂದು ಕೇಳುತ್ತಿದ್ದಳು. ಕೆಲವರು ನಕ್ಕು ಸುಮ್ಮನಾದರು. ತಂದು ತೋರಿಸಿದವರು ಮುಂದಿನ ಮದುವೆಗೂ ಅವಳ ಹತ್ತಿರವೇ ಬಂದರು.

ನರಗುಂದದ ಅಮೇಯ ಅವಳಿಗೆ ಪರಿಚಯವಾದದ್ದೂ ಹೀಗೆಯೇ, ಅವನ ಅಕ್ಕನ ಮದುವೆಯ ವಿಡಿಯೋದಿಂದ. ಸಣ್ಣ ಸಣ್ಣ ಸಾಕ್ಷ್ಯಚಿತ್ರ ಮಾಡುವ ಹುಡುಗ ಅವನು. ಗಜೇಂದ್ರಗಡದ ನೇಕಾರರ ಓಣಿಯ ಕಲ್ಲವ್ವ ಈ ಕಡೆಯ ಹಳೆಯ ಬಗೆಯ ಪಟ್ಟೇದಂಚಿನ ಸೀರೆ ನೇಯುವುದನ್ನು ಚಳಿಗಾಲವೆಲ್ಲ ಕೂತು ಚಿತ್ರೀಕರಿಸಿದ್ದ. ಜೋಡಿಸಿಕೊಟ್ಟವಳು ಸುವರ್ಣಾ. ಆ ಚಿತ್ರವನ್ನು ಪುಣೆಯ ಒಂದು ವಸ್ತುಸಂಗ್ರಹಾಲಯದವರು ನೋಡಿ ಮೆಚ್ಚಿದರು. ನೇಯ್ಗೆಗೆಂದೇ ಹೊಸದಾಗಿ ಕಟ್ಟುತ್ತಿದ್ದ ಕೋಣೆಯಲ್ಲಿ, ಗೋಡೆಯಗಲದ ಪರದೆಯ ಮೇಲೆ ಅದನ್ನು ಹಾಕುವುದೆಂದು ತೀರ್ಮಾನವಾಯಿತು. ಆದರೆ ಚಿತ್ರವನ್ನು ಎಚ್‌ಡಿಆರ್‌ನಲ್ಲಿ ಹೊಸದಾಗಿ ಬಣ್ಣ ತಿದ್ದಿ ಕೊಡಬೇಕು ಎಂದರು.

ಎಚ್‌ಡಿಆರ್ ಅಂದರೆ ಏನೆಂದು ಕನಕರಾಜ ಕೇಳಿದಾಗ ಸುವರ್ಣಾ ಸ್ಟುಡಿಯೋದ ಕಿಟಕಿಯನ್ನೇ ತೋರಿಸಿ ಹೇಳಿದ್ದಳು. ಮಾಮೂಲಿ ವಿಡಿಯೋದಲ್ಲಿ ಹೊರಗಿನ ಬಿಸಿಲು ಕಾಣುವಂತೆ ಮಾಡಿದರೆ ಕೋಣೆ ಕಪ್ಪಾಗುತ್ತದೆ. ಕೋಣೆ ಕಾಣುವಂತೆ ಮಾಡಿದರೆ ಕಿಟಕಿ ಬರೀ ಬಿಳಿ ಹಾಳೆ. ಇದರಲ್ಲಿ ಎರಡೂ ಒಟ್ಟಿಗೆ, ಕಣ್ಣಿಗೆ ಕಂಡ ಹಾಗೆ ನಿಲ್ಲುತ್ತವೆ. ಆದರೆ ಹಾಗೆ ತಿದ್ದಬೇಕಾದರೆ ತಿದ್ದುವವರ ಮುಂದಿನ ಮಾನಿಟರಿಗೂ ಅಷ್ಟು ಬೆಳಕು, ಅಷ್ಟು ಕತ್ತಲೆ ತೋರಿಸುವ ಶಕ್ತಿ ಇರಬೇಕು. ಅವಳ ಹಳೆಯ ಮಾನಿಟರಿಗೆ ಅದು ಇರಲಿಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕೆಂದೇ ಇಟ್ಟಿರುವ ಮಾನಿಟರಿನ ಬೆಲೆಗೆ ಗಜೇಂದ್ರಗಡದಲ್ಲಿ ಒಂದು ಮನೆಯೇ ಬರುತ್ತಿತ್ತು.

ಅಮೇಯ ಸಂಕೋಚದಿಂದಲೇ ಬಂದು ವಿಷಯ ಹೇಳಿದ. ಪುಣೆಯವರು ಮುಂಬೈನ ಒಂದು ಸ್ಟುಡಿಯೋದ ಹೆಸರು ಸೂಚಿಸಿದ್ದಾರೆ, ಖರ್ಚೂ ಅವರದೇ, ಅಲ್ಲಿಗೇ ಕಳಿಸಿಬಿಡೋಣವೇನೋ ಅಂದ.

"ಅಮೇಯ, ಆ ಮಂದಿ ಚಲೋನ ಮಾಡ್ತಾರ, ನಾ ಇಲ್ಲ ಅನ್ನಂಗಿಲ್ಲ," ಅಂದಳು ಸುವರ್ಣಾ. "ಆದ್ರ ಅವರು ಕಲ್ಲವ್ವನ ಮನಿ ನೋಡಿಲ್ಲ. ಆ ಸೀರಿ ಅಂಚಿನ ಕೆಂಪು ನೋಡಿಲ್ಲ. ನಾ ನೋಡೇನಿ. ಇದನ್ನ ನನಗ ಬಿಡು. ನಮಗ ಎಟಕೂವಂಥ ಸ್ಕ್ರೀನ್ ಎಲ್ಲೆರೆ ಇದ್ದ ಇರ್ತೈತಿ, ಹುಡುಕ್ತೇನಿ."

ಅಮೇಯನಿಗೆ ಇಲ್ಲ ಎನ್ನಲಾಗಲಿಲ್ಲ. ಪುಣೆಗೆ ಫೋನ್ ಮಾಡಿ ಒಂದಿಷ್ಟು ಕಾಲಾವಕಾಶ ಕೇಳಿದ. ಒಪ್ಪಿದರು. ತಮ್ಮ ಅಳತೆಗೆ ಹೊಂದದಿದ್ದರೆ ಮುಂಬೈಗೇ ಕೊಡುತ್ತೇವೆ ಎಂದೂ ಸೇರಿಸಿದರು.

ಪೇಟೆಯಲ್ಲಿ ಬಾಬುಸಾಬರ ಟಿವಿ ಅಂಗಡಿ. ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರು, ಈಗ ಮಾರುತ್ತಾರೆ. ಸುವರ್ಣಾ ಕೇಳಿದ್ದಕ್ಕೆ ಅವರು ಹುಬ್ಬಳ್ಳಿಯಿಂದ ಒಂದು ಮಾನಿಟರ್ ತರಿಸಿಕೊಟ್ಟರು. ಡಬ್ಬಿಯ ಮೇಲೆ ಎಚ್‌ಡಿಆರ್ ಎಂದು ದೊಡ್ಡದಾಗಿ ಬರೆದಿತ್ತು, ದರವೂ ಕೈಗೆ ಎಟಕುವಂತಿತ್ತು. ಸ್ಟುಡಿಯೋಗೆ ಒಯ್ದು, ಕಲ್ಲವ್ವ ಮಗ್ಗದಲ್ಲಿ ಕೂತ ದೃಶ್ಯ ಹಾಕಿದಳು. ದೃಶ್ಯದೊಳಗಿನ ಕಿಟಕಿ ಝಗ್ ಎಂದು ಬೆಳಗಿತು. ಅದರ ಜೊತೆಗೇ ಮೂಲೆಯ ಕತ್ತಲೆಯೂ ಬೂದಿ ಬಳಿದಂತೆ ಬೆಳ್ಳಗಾಯಿತು. ಇಡೀ ಪರದೆಯ ಹಿಂದೆ ಇರುವುದು ಒಂದೇ ದೀಪ. ಒಂದು ಕಡೆ ಬೆಳಕು ಬೇಕೆಂದರೆ ಎಲ್ಲ ಕಡೆಯೂ ಏರಿಸಬೇಕು. ಹೆಸರಿಗಷ್ಟೇ ಎಚ್‌ಡಿಆರ್ ಅದು. ಸುವರ್ಣಾ ಮಾನಿಟರನ್ನು ಮತ್ತೆ ಡಬ್ಬಿಗೆ ಹಾಕಿ ಅಂಗಡಿಗೆ ಒಯ್ದು, ಯಾಕೆ ಬೇಡ ಎಂಬುದನ್ನು ಬಾಬುಸಾಬರಿಗೆ ಬಿಡಿಸಿ ಹೇಳಿದಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ವರ್ಷ ಟಿವಿ ಮಾರಿದ್ದೇನೆ, ಕತ್ತಲೆ ಸರಿ ಕಾಣುವುದಿಲ್ಲ ಎಂದು ವಾಪಸ್ಸು ತಂದವರು ಯಾರೂ ಇಲ್ಲ ಎಂದರು.

ಆಮೇಲೆ ಅವಳು ಮಾಡಿದ ಕೆಲಸ ಅಮೇಯನಿಗೆ ಬಹಳ ದಿನ ನೆನಪಿನಲ್ಲಿ ಉಳಿಯಿತು. ಅವನು ಅಷ್ಟರಲ್ಲಿ ಕಂಪನಿಗಳ ಹೆಸರು, ಬೆಲೆ, ಬೆಳಕಿನ ಅಳತೆ ಎಲ್ಲ ಕಲೆಹಾಕಿ ತಲೆ ಕೆಡಿಸಿಕೊಂಡಿದ್ದ. ಹೆಚ್ಚು ಬೆಳಕು ಕೊಡುವುದೇ ಒಳ್ಳೆಯದು ಎಂಬ ಲೆಕ್ಕಕ್ಕೆ ಬಂದಿದ್ದ. ಸುವರ್ಣಾ ಅದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ನಂತರ, ನಡಿ, ಕಲ್ಲವ್ವನ ಮನೆಗೆ ಹೋಗಿ ಬರೋಣ ಎಂದು ಎದ್ದಳು.

ಮಧ್ಯಾಹ್ನದ ಹೊತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಇಬ್ಬರಿಗೂ ಏನೂ ಕಾಣಲಿಲ್ಲ. ಕಲ್ಲವ್ವ ಕೂಡ್ರಿರಿ ಎಂದು ಚಾಪೆ ಹಾಕಿ, ತಾನು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಮತ್ತೆ ನೇಯಲು ಕೂತಳು. ಸುವರ್ಣಾ ಗೋಡೆಗೆ ಒರಗಿ ಸುಮ್ಮನೆ ನೋಡುತ್ತ ಕೂತಳು. ನಿಧಾನಕ್ಕೆ ಕಣ್ಣು ಹೊಂದಿಕೊಂಡಿತು. ಮೊದಲು ಮಗ್ಗದ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳು, ಆಮೇಲೆ ಸೀರೆಯ ಸಾಸಿವೆ ಬಣ್ಣದ ಒಡಲು, ಕೆಂಪಂಚು. ಅದಾದ ಮೇಲೆ ಮೂಲೆಯಲ್ಲಿ ನೂಲು ಸುತ್ತಿಟ್ಟ ಕಂಡಿಕೆಗಳು, ಗೋಡೆಯ ಗೂಡಿನಲ್ಲಿ ಎಣ್ಣೆ ಬಾಟಲಿ. ಆ ಕೋಣೆಯಲ್ಲಿ ನಿಜವಾದ ಬೆಳಕು ಎಂದರೆ ಒಂದು ಸಣ್ಣ ಕಿಟಕಿಯದು, ಮತ್ತೆ ಲಾಳಿ ಅತ್ತಿಂದಿತ್ತ ಹಾಯುವಾಗ ಅದರ ಲೋಹದ ತುದಿ ಮಿಂಚುವುದು. ಉಳಿದದ್ದೆಲ್ಲ ಕತ್ತಲೆ. ಆದರೆ ಕುರುಡು ಕತ್ತಲೆಯಲ್ಲ, ಒಳಗೆ ಸಾಮಾನು ಇರುವ ಕತ್ತಲೆ.

ಹೊರಗೆ ಬಂದ ಮೇಲೆ ಸುವರ್ಣಾ ಹೇಳಿದಳು: "ನಮ್ಮ ಪಿಚ್ಚರಿನ್ಯಾಗ ಬಯಲ ಬಿಸಿಲ ಇಲ್ಲ ನೋಡು. ಬೆಳಕ ಸಣ್ಣದು, ಕತ್ತಲ ದೊಡ್ಡದು. ಹಂಗಂದ್ರ ನಮಗ ಭಾಳ ಬೆಳಗೂ ಸ್ಕ್ರೀನ್ ಬ್ಯಾಡ. ಕತ್ತಲ ಬಾಜೂಕ ಒಂದ ಮಿಂಚ ಇಟ್ರ ಎರಡೂ ಕೆಡದಂಗ ತೋರ್ಸೂದು ಬೇಕು."

ಅಂಥದ್ದು ಯಾವುದೆಂದು ಅವಳಿಗೆ ಆಗಲೇ ಅಂದಾಜಿತ್ತು. ಓಎಲ್‌ಇಡಿ ಪರದೆಯಲ್ಲಿ ಹಿಂದೆ ಒಂದು ದೀಪ ಅಂತ ಇರುವುದಿಲ್ಲ. ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಇಡೀ ಪರದೆ ಬಿಸಿಲಿನಂತೆ ಬೆಳಗಬೇಕೆಂದರೆ ಅದು ಸೋಲುತ್ತದೆ. ಸಣ್ಣ ಮಿಂಚಿಗೆ ಸೋಲುವುದಿಲ್ಲ. ಆ ಬಗೆಯ ಮಾನಿಟರ್ ದುಬಾರಿಯೇ, ಆದರೆ ಮನೆಗೆಂದು ಮಾರುವ ಚಿಕ್ಕ ಅಳತೆಯ ಓಎಲ್‌ಇಡಿ ಟಿವಿ ಅಷ್ಟು ದುಬಾರಿಯಲ್ಲ. ಚಿತ್ರವನ್ನು ಚೆಂದ ಮಾಡಲೆಂದು ಟಿವಿ ತನ್ನಷ್ಟಕ್ಕೆ ಮಾಡುವ ಅಲಂಕಾರಗಳನ್ನೆಲ್ಲ ಆರಿಸಿ, ಕಂಪ್ಯೂಟರಿನಿಂದ ಬಣ್ಣ ಇದ್ದ ಹಾಗೇ ಸಾಗಿಸುವ ಒಂದು ಸಣ್ಣ ಪೆಟ್ಟಿಗೆ ಜೋಡಿಸಿ, ಅಳತೆಯ ಉಪಕರಣದಿಂದ ಸರಿಹೊಂದಿಸಿದರೆ ಕೆಲಸಕ್ಕೆ ಬರುತ್ತದೆ ಎಂದು ಅವಳು ಓದಿಕೊಂಡಿದ್ದಳು. ಓದಿದ್ದನ್ನು ನಂಬುವ ಮುಂಚೆ ಕಣ್ಣಿನಿಂದ ನೋಡಬೇಕಿತ್ತು.

ಬಾಬುಸಾಬರು ತಮ್ಮ ಗಾಡಿಯಲ್ಲೇ ಇಬ್ಬರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅವರ ಪರಿಚಯದಿಂದಾಗಿ ಒಂದು ದೊಡ್ಡ ಅಂಗಡಿಯವರು, ಸುವರ್ಣಾ ತಂದ ಪೆನ್ ಡ್ರೈವ್ ಹಾಕಿ ನೋಡಲು ಒಪ್ಪಿದರು. ಅಂಗಡಿಯ ತುಂಬ ಟಿವಿಗಳು ಹೂವು, ಗಿಳಿ, ಸಮುದ್ರ ತೋರಿಸಿ ಕಣ್ಣು ಕುಕ್ಕುತ್ತಿದ್ದವು. ಅವಳು ಹಾಕಿಸಿದ್ದು ಕಲ್ಲವ್ವನ ಕತ್ತಲ ಕೋಣೆ. ಕೆಲವು ಟಿವಿಗಳಲ್ಲಿ ಲಾಳಿ ಹಾಯುವಾಗ ಅದರ ಸುತ್ತ ಮಂಜಿನಂಥ ಬೆಳಕಿನ ಬಳೆ ಕಟ್ಟುತ್ತಿತ್ತು. ಕೆಲವು ಕೆಂಪನ್ನು ಟೊಮೆಟೊ ಮಾಡಿದವು. ಪ್ರದರ್ಶನಕ್ಕಿಟ್ಟಿದ್ದ ಒಂದು ಓಎಲ್‌ಇಡಿಯಲ್ಲಿ ಮಾತ್ರ ಮಿಂಚು ಮಿಂಚಾಗಿ, ಕತ್ತಲೆ ಕತ್ತಲೆಯಾಗಿ ನಿಂತಿತು. ಪ್ರದರ್ಶನದ ಮಾಲು, ಬಹಳ ಕಡಿಮೆಗೆ ಕೊಡುತ್ತೇವೆ ಎಂದರು ಅಂಗಡಿಯವರು. ಅಮೇಯ ಆಗಲೇ ಖುಷಿಯಾಗಿದ್ದ.

ಸುವರ್ಣಾ ಇನ್ನೊಂದನ್ನು ಹಾಕಿಸಿದಳು. ಚಿತ್ರವಿಲ್ಲದ, ಬರೀ ಬೂದು ಬಣ್ಣ ತುಂಬಿದ ಪರದೆ. ಹತ್ತಿರ ಹೋಗಿ ನೋಡಿ, ಮೇಲಿನ ಮೂಲೆಯ ಕಡೆ ಬೆರಳು ತೋರಿದಳು. ಅಲ್ಲಿ ಯಾವುದೋ ಸುದ್ದಿ ಚಾನೆಲ್ಲಿನ ಗುರುತು ಮಸುಕಾಗಿ ಅಚ್ಚೊತ್ತಿಕೊಂಡಿತ್ತು. ತಿಂಗಳುಗಟ್ಟಲೆ ಒಂದೇ ಚಾನೆಲ್ ಹಚ್ಚಿಟ್ಟಿದ್ದರಿಂದ ಪರದೆ ಸುಟ್ಟು ಉಳಿದ ಕಲೆ ಅದು, ಅಳಿಸಲು ಬರುವುದಿಲ್ಲ. ಅಂಗಡಿಯವರು ಹತ್ತಿರ ಬಂದು ನೋಡಿ, ತಮ್ಮ ಗಮನಕ್ಕೇ ಬಂದಿರಲಿಲ್ಲ ಎಂದು ಒಪ್ಪಿಕೊಂಡರು. ಗೋದಾಮಿನಲ್ಲಿ ಹಳೆಯ ಮಾದರಿಯ, ಅದಕ್ಕಿಂತ ಚಿಕ್ಕದೊಂದು ಡಬ್ಬಿ ಒಡೆಯದೆ ಉಳಿದಿದೆ ಎಂದು ತೆಗೆಸಿದರು. ಸುವರ್ಣಾ ಅದನ್ನೂ ಹಚ್ಚಿಸಿ, ಬೂದು ಪರದೆ ಹಾಕಿ ಮೂಲೆಮೂಲೆ ನೋಡಿದಳು. ಶುದ್ಧವಾಗಿತ್ತು. ಅದನ್ನೇ ಗಾಡಿಗೆ ಏರಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಸ್ಟುಡಿಯೋದ ಗೋಡೆ ಗುಲಾಬಿ ಬಣ್ಣದ್ದು. ಗೋಡೆ ಹೀಗಿದ್ದರೆ ಕಣ್ಣು ಕೆಂಪನ್ನು ಸರಿಯಾಗಿ ತೂಗುವುದಿಲ್ಲ ಎಂದಳು ಸುವರ್ಣಾ. ಕನಕರಾಜ ಎರಡು ಮಾತಾಡದೆ ತಾನೇ ಬ್ರಷ್ ಹಿಡಿದು ಒಳಕೋಣೆಗೆಲ್ಲ ಬೂದು ಬಣ್ಣ ಹೊಡೆದ. ಕೆಳಗಿನ ಔಷಧ ಅಂಗಡಿಯವರು, ಮದುವೆ ಫೋಟೋದ ಅಂಗಡಿಗೆ ಇದೆಂಥ ಬಣ್ಣ ಎಂದು ಕೇಳಿದ್ದಕ್ಕೆ ಅವನು, ನಮ್ಮ ಮನೆಯವರ ಕಣ್ಣಿಗೆ ಬೇಕಾದ ಬಣ್ಣ ಎಂದನಂತೆ. ಬಣ್ಣ ಅಳೆಯುವ ಉಪಕರಣವನ್ನು ಅಮೇಯ ಧಾರವಾಡದ ಗೆಳೆಯನಿಂದ ತಂದುಕೊಟ್ಟ.

ಕೆಲಸ ಶುರುವಾಯಿತು. ಸುವರ್ಣಾ ಕಲ್ಲವ್ವನಿಂದ ಚಿತ್ರದಲ್ಲಿ ನೇಯ್ದ ಅದೇ ಸೀರೆಯನ್ನು ಕೇಳಿ ತಂದು ಪಕ್ಕದಲ್ಲಿ ಹರವಿಕೊಂಡಿದ್ದಳು. ಹೊಸ ಪರದೆಯ ಶಕ್ತಿ ಕಂಡು ಮೊದಮೊದಲು ಅವಳೂ ಮೋಹಕ್ಕೆ ಬಿದ್ದಳು. ಕಿಟಕಿಯನ್ನು ಉರಿಸಿ, ಮೂಲೆಗಳನ್ನು ಕಾಡಿಗೆ ಮಾಡಿಟ್ಟಳು. ಅಮೇಯನಿಗೆ ಅದು ಅದ್ಭುತವಾಗಿ ಕಂಡಿತು. ಅವಳು ಮಾತ್ರ ಮಾರನೆಯ ದಿನ ಮತ್ತೆ ಕಲ್ಲವ್ವನ ಮನೆಗೆ ಹೋಗಿ ಕೂತು ಬಂದು, ಮಾಡಿದ್ದನ್ನೆಲ್ಲ ಅಳಿಸಿದಳು. ಅಲ್ಲಿ ಕೂತವರಿಗೆ ನೂಲಿನ ಕಂಡಿಕೆ ಕಾಣುತ್ತದೆ, ಇದರಲ್ಲಿ ಕಾಣುತ್ತಿಲ್ಲ; ಇದು ಪರದೆಯ ಜಂಬ, ಮನೆಯ ಕತ್ತಲೆಯಲ್ಲ ಎಂದಳು. ಒಂದೊಂದೇ ದೃಶ್ಯವನ್ನು ಮೊದಲಿನಿಂದ ತಿದ್ದಿದಳು. ನೆರಳನ್ನು ಕೂದಲೆಳೆಯಷ್ಟು ಎತ್ತುವುದು, ನೋಡುವುದು, ಇಳಿಸುವುದು. ಅಮೇಯ ಹಿಂದೆ ಕುರ್ಚಿಯಲ್ಲಿ ಕೂತು ಅವಳ ಬೆನ್ನನ್ನೂ ಪರದೆಯನ್ನೂ ನೋಡುತ್ತಿದ್ದ. ಈ ಚಿತ್ರವನ್ನು ತೆಗೆದವನು ತಾನಾದರೂ, ಚಳಿಗಾಲವೆಲ್ಲ ಆ ಕೋಣೆಯಲ್ಲಿದ್ದರೂ, ಆ ಕೋಣೆ ತನಗೆ ಈಗ ಕಾಣತೊಡಗಿದೆ ಅನ್ನಿಸಿತು ಅವನಿಗೆ. ಅವಳಿಗೆ ಹೇಳಲಿಲ್ಲ, ಕನಕರಾಜನ ಮುಂದೆ ಹೇಳಿದ.

ಚಿತ್ರ ಪುಣೆಗೆ ಹೋಯಿತು. ಅಲ್ಲಿನ ತಾಂತ್ರಿಕ ಮುಖ್ಯಸ್ಥರು ಉಪಕರಣ ಹಚ್ಚಿ ಅಳೆದು, ಒಂದು ಆಕ್ಷೇಪ ಹೇಳಿದರು. ಬಾಗಿಲು ತೆರೆಯುವ ದೃಶ್ಯದಲ್ಲಿ ಬಿಸಿಲು ಮಿತಿ ಮೀರಿದೆ, ಇಳಿಸಬೇಕು. ಸುವರ್ಣಾ ನೋಡಿದಳು, ಅವರ ಮಾತು ಸರಿಯಿತ್ತು. ತನ್ನ ಟಿವಿಗೆ ಅಷ್ಟು ಬೆಳಕು ತೋರಿಸುವ ಶಕ್ತಿ ಇಲ್ಲದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ, ಕಂಪ್ಯೂಟರಿನ ಅಳತೆಪಟ್ಟಿಯಲ್ಲಿ ನೋಡಬೇಕಾದದ್ದು ಆ ಒಂದು ಕಡೆ ತಪ್ಪಿಹೋಗಿತ್ತು. ತಿದ್ದಿ ಕಳಿಸಿದಳು. ಉಳಿದದ್ದರಲ್ಲಿ ಒಂದು ಚುಕ್ಕೆಯೂ ಬದಲಾಗಬೇಕಿಲ್ಲ ಎಂದು ಉತ್ತರ ಬಂತು.

ಆ ಕೋಣೆ ತೆರೆಯುವ ದಿನ ಅಮೇಯ, ಸುವರ್ಣಾ, ಕನಕರಾಜ, ಕಲ್ಲವ್ವ ನಾಲ್ವರೂ ಪುಣೆಗೆ ಹೋದರು. ತಾಂತ್ರಿಕ ಮುಖ್ಯಸ್ಥರು ತಾವೇ ಬಂದು ಸುವರ್ಣಾಳನ್ನು ಮಾತಾಡಿಸಿದರು. ಯಾವ ಮಾನಿಟರ್ ಎಂದು ಕೇಳಿದ್ದಕ್ಕೆ ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು, ಆ ಟಿವಿಗೆ ಏನು ಬರುವುದಿಲ್ಲ ಎಂಬುದನ್ನೂ ಸೇರಿಸಿ. ಅವರು ಗಮನವಿಟ್ಟು ಕೇಳಿದರು. ತಮ್ಮಲ್ಲಿ ಇನ್ನೂ ಎರಡು ನೇಯ್ಗೆಯ ಚಿತ್ರಗಳಿವೆ, ಅವು ಕೂಡ ಒಳಾಂಗಣದವೇ, ನೀವು ನೋಡುತ್ತೀರಾ ಎಂದು ಕೇಳಿದರು. ಆ ಮಗ್ಗದ ಮನೆಗಳು ಎಲ್ಲಿವೆ, ಹೋಗಿ ಬರಲು ಆಗುತ್ತದೆಯೇ ಎಂದು ಸುವರ್ಣಾ ವಿಚಾರಿಸಿದಳು.

ದೀಪಗಳನ್ನು ಆರಿಸಿದರು. ಗೋಡೆಯಗಲ ಕಲ್ಲವ್ವನ ಕೋಣೆ ತೆರೆದುಕೊಂಡಿತು. ಲಾಳಿ ಹಾಯಿತು, ತುದಿ ಮಿಂಚಿತು. ಕೆಂಪಂಚು ಕಲ್ಲವ್ವ ಉಟ್ಟು ಬಂದ ಸೀರೆಯ ಅಂಚಿನಂತೆಯೇ ಇತ್ತು. ಜನ ಮಗ್ಗದಲ್ಲಿ ಕೂತ ಕಲ್ಲವ್ವನನ್ನು ನೋಡುತ್ತಿದ್ದರು. ಕಲ್ಲವ್ವ ಮಾತ್ರ ತನ್ನನ್ನು ತಾನು ನೋಡಿಕೊಳ್ಳುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಪರದೆಯ ಎಡಮೂಲೆಯನ್ನೇ ದಿಟ್ಟಿಸುತ್ತಿದ್ದವಳು, ಸುವರ್ಣಾಳ ಮೊಣಕೈ ಹಿಡಿದು ಹತ್ತಿರ ಎಳೆದಳು.

"ತಂಗಿ, ಅಲ್ಲಿ ನೋಡ, ಗೂಡಿನ ಕೆಳಗ, ಮೊಳಿಗೆ ನೇತಬಿದ್ದೈತಿ. ನನ್ನ ಕತ್ತರಿ ಅದು. ಉಗಾದಿಯಿಂದ ಹುಡುಕಾಕತ್ತೇನಿ."

ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿಸಿದಳು. ಚಿತ್ರ ತೆಗೆದಾದ ಮೇಲೆ ಆ ಮೊಳೆಗೆ ಯಾರೋ ಚೀಲ ತೂಗುಹಾಕಿದ್ದರು. ಸೊಸೆ ಸರಿಸಿ ನೋಡಿದರೆ ಹಿಂದೆ ಕತ್ತರಿ ಇತ್ತು. ಸುದ್ದಿ ಕೇಳಿ ಕಲ್ಲವ್ವನಿಗೆ ಭಾರಿ ಸಮಾಧಾನವಾಯಿತು. ಅಮೇಯನೂ ಕನಕರಾಜನೂ ನಗು ತಡೆಯಲಾರದೆ ಹೊರಗೆ ಹೋದರು. ಸುವರ್ಣಾ ನಗಲಿಲ್ಲ. ಚಿತ್ರ ಮುಗಿದು ಮತ್ತೆ ಮೊದಲಿನಿಂದ ಓಡಿ ಆ ದೃಶ್ಯ ಬಂದಾಗ, ಅಷ್ಟು ಜನರ ನಡುವೆ, ಆ ಎಡಮೂಲೆಯ ಕತ್ತಲೆಯಲ್ಲಿ ಕತ್ತರಿಯ ಎರಡು ಉಂಗುರಗಳು ಸ್ಪಷ್ಟವಾಗಿ ಕಾಣುತ್ತಿದ್ದುದನ್ನು ಅವಳು ದೃಶ್ಯ ಬದಲಾಗುವವರೆಗೂ ನೋಡುತ್ತ ನಿಂತಳು.