ಎಷ್ಟು ಜನ ಅಣ್ಣಂದಿರು

ನಮ್ಮವ್ವ ರಂಗಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನ ಡೈರಿಯವನು ಫ್ಯಾಟು ಕಮ್ಮಿ ತೋರಿಸುತ್ತಾನೆ, ಬಸ್ಸಿನವನು ಇವಳನ್ನು ನೋಡಿಯೇ ನಿಲ್ಲಿಸದೆ ಹೋಗುತ್ತಾನೆ. ಅಂಥವಳ ಎದುರು ಬೆಂಗಳೂರಿನಿಂದ ಬಂದಿದ್ದ ಸ್ನೇಹಲತಾ ಎಂಬುವರು ಕೂತು, ಫಾರಂ ತೆಗೆದು, "ಅಮ್ಮಾ, ನಿಮಗೆ ಒಟ್ಟು ಎಷ್ಟು ಜನ ಗಂಡುಮಕ್ಕಳು?" ಎಂದು ಕೇಳಿದರು.

"ಯಾಕಮ್ಮ?"

"ಒಂದು ಅಧ್ಯಯನಕ್ಕೆ."

ಅವ್ವ ನನಗೆ ಕಣ್ಸನ್ನೆ ಮಾಡಿದಳು. ಭಾನುವಾರ ಕೊರಟಗೆರೆಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ನಮ್ಮೂರು ಗೌಡಗೆರೆಗೆ ಬರುವವರಿದ್ದರು. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಯಾರನ್ನಾದರೂ ಗುಟ್ಟಾಗಿ ಕಳಿಸಿ ವಿಚಾರಿಸುವುದುಂಟು. ಕುರಿ ಕೊಳ್ಳುವ ನೆಪ, ಬಿತ್ತನೆ ಕಡಲೆಕಾಯಿ ಕೇಳುವ ನೆಪ. ಈ ಸಲ ಫಾರಂ ಹಿಡಿದು ಬಂದಿದ್ದಾರೆ ಎಂದು ಅವ್ವ ತೀರ್ಮಾನಿಸಿಬಿಟ್ಟಿದ್ದಳು.

"ಇಬ್ರೇ ಕಣಮ್ಮ. ದೊಡ್ಡೋನು ರಂಗರಾಜು, ಆಮ್ಯಾಲೆ ಈ ಚಿಕ್ಕರಾಜು."

ನಾವು ನಾಲ್ವರು. ಇರುವ ಜಮೀನು ನಾಲ್ಕು ಪಾಲಾಗುತ್ತದೆಂದು ಗೊತ್ತಾದರೆ ಸಂಬಂಧ ಮುರಿದುಬೀಳುತ್ತದೆಂಬ ಭಯ ಅವಳಿಗೆ. ಅಷ್ಟರಲ್ಲಿ ನಡುವಿನ ಇಬ್ಬರು ಅಣ್ಣಂದಿರು ಕುರಿ ಹೊಡೆದುಕೊಂಡು ಬಂದು, "ಅವ್ವಾ, ಮುದ್ದೆ ಆಯ್ತಾ?" ಎಂದರು.

"ನಮ್ಮ ಓರಗಿತ್ತಿ ಮಕ್ಳು. ನನ್ನೂ ಅವ್ವ ಅಂತಾವೆ," ಎಂದಳು ಅವ್ವ. ಬಾಯಿ ಬಿಟ್ಟುಕೊಂಡು ನಿಂತ ಇಬ್ಬರನ್ನೂ ಹಿತ್ತಿಲಿಗೆ ಅಟ್ಟಿದಳು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಮೈಯೆಲ್ಲ ಉರಿಯಿತು. ಆ ಹುಡುಗಿಗೆ ತಾಳಿ ಕಟ್ಟುವುದು ನನ್ನಿಂದಾಗದ ಮಾತು. ನನಗೆ ಮೀಸೆ ಬಂದಾಗಿನಿಂದಲೂ ಗಂಡಸರ ಮೇಲೇ ಮನಸ್ಸು. ಶಿರಾದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಲೇ ಫೋನಿನಲ್ಲಿ ನನ್ನಂಥವರ ಕುರಿತ ಈ ಅಧ್ಯಯನದ ವಿಷಯ ಓದಿ ಹೆಸರು ಕೊಟ್ಟಿದ್ದೆ. ಹೆರಿಗೆಗಳ ವಿವರ ತಾಯಿಯಿಂದಲೇ ಬೇಕೆಂದಾಗ ಸ್ನೇಹಲತಾರನ್ನು ಮನೆಗೇ ಕರೆದೆ. ನಾನು ಹೇಳಲಾಗದ್ದನ್ನು ಓದಿದವರು ಹೇಳಲಿ ಎಂಬ ಹೇಡಿ ಆಸೆ.

"ಅವ್ವಾ, ಇವ್ರು ಹೆಣ್ಣಿನ ಕಡೆಯೋರಲ್ಲ. ನಾನೇ ಕರೆಸಿದ್ದು. ನನ್ನಂಥೋರ ವಿಷ್ಯ ತಿಳ್ಕಳಕ್ಕೆ ಬಂದವ್ರೆ. ನಂಗೆ ಹುಡ್ಗೀರು ಬ್ಯಾಡ ಕಣವ್ವ. ನನ್ ಮನ್ಸು ಹೋಗಾದು ಗಂಡುಸ್ರ ಮ್ಯಾಲೆ."

ಅವ್ವ ನನ್ನನ್ನು ನೋಡಿದಳು. ಆಮೇಲೆ ಸ್ನೇಹಲತಾರನ್ನು.

"ನೀನೇನಮ್ಮ ಇವ್ನ ತಲೆ ಕೆಡಿಸಿದ್ದು?"

"ಇಲ್ಲಮ್ಮ. ಇದು ಮಗು ಹುಟ್ಟೋಕೆ ಮುಂಚೇನೇ ಶುರುವಾಗಿರಬಹುದು ಅಂತಾರೆ. ಒಂದೇ ತಾಯಿಗೆ ಹುಟ್ಟಿದ ಅಣ್ಣಂದಿರು ಹೆಚ್ಚಿದ್ದಷ್ಟೂ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಂತ ಕಿರಿಯರೆಲ್ಲ ಹೀಗಿರಲ್ಲ. ಇವರಿಗೆ ಅದೇ ಕಾರಣ ಅಂತಲೂ ಹೇಳೋಕಾಗಲ್ಲ."

"ಅಂದ್ರೆ ನನ್ ಹೊಟ್ಟೇದೇ ತಪ್ಪು ಅನ್ನು."

"ಇದು ತಪ್ಪೇ ಅಲ್ಲಮ್ಮ."

ನನ್ನ ಮೇಲಿನ ಭಾರ ಇಳಿಸಿಕೊಳ್ಳಲು ಹೋಗಿ ಅವ್ವನ ತಲೆಗೆ ಕಟ್ಟಿದೆನಲ್ಲ ಎಂದು ನಾಚಿಕೆಯಾಯಿತು. ಅವಳು ಸ್ನೇಹಲತಾರ ಫಾರಂ ಕಡೆ ಬೆರಳು ಮಾಡಿದಳು.

"ಹೆಸ್ರು ಬರೀತೀಯಾ?"

"ಇಲ್ಲ, ಬರೀ ನಂಬರ್."

"ಹಂಗಾದ್ರೆ ಸರ್ಯಾಗಿ ಬರ್ಕೋ. ಇವ್ನಿಗೆ ನಾಕು ಜನ ಅಣ್ಣಂದ್ರು. ರಂಗರಾಜುಗಿಂತ ಮೊದ್ಲು ಒಂದು ಗಂಡು ಹುಟ್ಟಿತ್ತು. ಮೂರೇ ದಿನ ಇದ್ದುದ್ದು. ಹೆಸ್ರೂ ಇಟ್ಟಿರ್ಲಿಲ್ಲ."

ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಸ್ನೇಹಲತಾ ತಲೆ ತಗ್ಗಿಸಿ ಬರೆದುಕೊಂಡರು.

ಅವ್ವ ಎದ್ದು, ಸಂಬಂಧ ತಂದಿದ್ದ ಕದರಪ್ಪನಿಗೆ ನನ್ನಿಂದ ಫೋನು ಹಚ್ಚಿಸಿದಳು. "ಭಾನ್ವಾರ ಯಾರೂ ಬರಾದು ಬ್ಯಾಡ ಅಂತ ಹೆಣ್ಣಿನ ಕಡೆಯೋರಿಗೆ ಹೇಳು," ಎಂದು ಅವನಿಗೆ ಹೇಳಿದಳು. ಹುಡುಗನಲ್ಲಿ ಏನಾದರೂ ಐಬು ಇದೆಯಾ ಎಂದು ಅವನು ಕೇಳಿದ್ದು ನನಗೂ ಕೇಳಿಸಿತು.

"ಐಬಾ? ಒಂದು ಕೂಸ್ನ ಮಣ್ಣಿಗಿಟ್ಟೋಳು ಕಣ್ಲಾ ನಾನು. ಉಳ್ದಿರೋ ಮಕ್ಳಲ್ಲಿ ಐಬು ಹುಡುಕ್ತಾ ಕೂತ್ಕಳಲ್ಲ!"

ಫೋನನ್ನು ನನ್ನ ಕೈಗೆ ತುರುಕಿದಳು. ಹಿತ್ತಿಲ ಕಡೆ ತಿರುಗಿ, "ಬರ್ರಲಾ, ಮುದ್ದೆ ಉಣ್ಣಾಕೆ," ಎಂದು ಇಬ್ಬರು ಅಣ್ಣಂದಿರನ್ನೂ ಕೂಗಿದಳು.